ಸಂಕಲನಕಾರನಿಲ್ಲದ ಸಂಕಲನ: ಜಾಲದ ಫೀಡುಗಳ ಓದನ್ನು ಕುರಿತು

ನಮ್ಮ ವಿಮರ್ಶೆಯು ಬಹುಮಟ್ಟಿಗೆ ಕೃತಿಯನ್ನೂ ಕರ್ತೃವನ್ನೂ ಕುರಿತದ್ದು. ಕೃತಿಯು ವಾಚಕನ ಕೈಗೆ ಯಾವ ದಾರಿಯಿಂದ ಬಂದಿತು, ಅದರ ಎಡಬಲದಲ್ಲಿ ಮತ್ತಾವ ಬರಹಗಳಿದ್ದುವು, ಅವುಗಳ ಕ್ರಮವನ್ನು ಗೊತ್ತುಮಾಡಿದವರು ಯಾರು ಎಂಬ ಪ್ರಶ್ನೆಗಳನ್ನು ನಾವು ಗ್ರಂಥಸಂಪಾದಕರಿಗೂ ಪತ್ರಿಕಾ ಇತಿಹಾಸಕಾರರಿಗೂ ಬಿಟ್ಟುಕೊಟ್ಟು ಸುಮ್ಮನಿದ್ದೇವೆ. ಮುದ್ರಿತ ಪುಸ್ತಕವೇ ಪ್ರಮಾಣವಾಗಿದ್ದ ಕಾಲದಲ್ಲಿ ಇದರಿಂದ ಹೆಚ್ಚಿನ ಹಾನಿಯೇನೂ ಆಗಲಿಲ್ಲ. ಆದರೆ ಕನ್ನಡ ಗದ್ಯದ ಒಂದು ದೊಡ್ಡ ಭಾಗವು ಈಗ ಜಾಲದಲ್ಲಿ ಹುಟ್ಟಿ ಜಾಲದಲ್ಲಿಯೇ ಓದಿಸಿಕೊಳ್ಳುತ್ತಿರುವಾಗ, ದಾರಿಯ ವಿಚಾರವನ್ನು ಕೈಬಿಟ್ಟು ಬರಹದ ವಿಚಾರವನ್ನು ಮಾತ್ರ ಮಾಡುವೆವೆಂದರೆ ಅದು ಅರ್ಧ ವಿಮರ್ಶೆಯಾಗುತ್ತದೆ. ಅಂಥ ದಾರಿಗಳಲ್ಲಿ ಒಂದನ್ನು, ಎಂದರೆ ಹಲವು ಬ್ಲಾಗುಗಳನ್ನೂ ಸುದ್ದಿತಾಣಗಳನ್ನೂ ಒಂದೇ ಎಡೆಯಲ್ಲಿ ತಂದು ಓದಿಸುವ 'ಫೀಡ್' ಎಂಬ ಏರ್ಪಾಡನ್ನು, ಒಂದು ಸಾಹಿತ್ಯಸಂಸ್ಥೆಯೆಂಬ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಿದರ್ಶನಗಳನ್ನು ಆದಷ್ಟೂ ಕೋಲಾರದ ಸೀಮೆಯಿಂದ, ಅದರಲ್ಲಿಯೂ ವೇಮಗಲ್ ಹೋಬಳಿಯ ಸುತ್ತುಮುತ್ತಿನಿಂದ ಆಯ್ದುಕೊಂಡಿದ್ದೇವೆ.

ಮೊದಲು ಹೆಸರಿನ ಮಾತು. ಫೀಡ್ ಎಂಬುದಕ್ಕೆ ಕನ್ನಡದಲ್ಲಿ ನೆಲೆನಿಂತ ಪದವಿಲ್ಲ. 'ಉಣ್' ಧಾತುವಿಗೆ ಪ್ರೇರಣಾರ್ಥದಲ್ಲಿ 'ಊಡು' ಎಂಬ ಸೊಗಸಾದ ಹಳಗನ್ನಡ ರೂಪವುಂಟು. ಅದರಿಂದ 'ಊಡಿಕೆ' ಎಂದು ಮಾಡಿಕೊಳ್ಳಲು ವ್ಯಾಕರಣದ ಅಡ್ಡಿಯೇನೂ ಇಲ್ಲ. ಆದರೆ ಪದವು ಶಾಸ್ತ್ರಶುದ್ಧವಾದ ಮಾತ್ರಕ್ಕೆ ಜನರ ಬಾಯಿಗೆ ಹತ್ತುವುದಿಲ್ಲ. ಹಸು ಕಟ್ಟಿದವರೂ ಕೋಳಿ ಸಾಕಿದವರೂ 'ಫೀಡ್ಸ್' ಎಂಬ ಮಾತನ್ನು ದಿನವೂ ಆಡುವ ಕೋಲಾರದ ಸೀಮೆಯಲ್ಲಿ, ದನಕ್ಕೆ ಅದು ಹೇಗೋ ಓದುಗನಿಗೆ ಇದು ಹಾಗೆ ಎಂದರೆ ಪಂಡಿತರ ಪದಕ್ಕಿಂತ ಬೇಗ ಅರ್ಥವಾದೀತು. ಆದುದರಿಂದ ನಾವು ಇಲ್ಲಿ ಫೀಡ್ ಎಂದೇ ಬಳಸುತ್ತೇವೆ.

ಏರ್ಪಾಡಿನ ರಚನೆ ಸರಳವಾದುದು. ಬ್ಲಾಗು ಅಥವಾ ಸುದ್ದಿತಾಣವು ಮನುಷ್ಯರ ಕಣ್ಣಿಗೆ ಕಾಣುವ ಪುಟಗಳ ಜೊತೆಗೆ, ಯಂತ್ರದ ಉಪಯೋಗಕ್ಕಾಗಿ ಎಕ್ಸ್‌ಎಂಎಲ್ ಎಂಬ ಗುರುತುಭಾಷೆಯಲ್ಲಿ ಬರೆದ ಒಂದು ಕಡತವನ್ನು ನಿಯತವಾದ ವಿಳಾಸದಲ್ಲಿ ಇಟ್ಟಿರುತ್ತದೆ. ಇತ್ತೀಚಿನ ಬರಹಗಳ ಶೀರ್ಷಿಕೆ, ಕೊಂಡಿ, ಪ್ರಕಟವಾದ ದಿನ ಮತ್ತು ವೇಳೆ, ಸಾರಾಂಶ ಅಥವಾ ಪೂರ್ಣಪಾಠ, ಪ್ರತಿಯೊಂದು ಬರಹಕ್ಕೂ ಬದಲಾಗದ ಒಂದು ಗುರುತು, ಇಷ್ಟು ಅದರಲ್ಲಿರುತ್ತವೆ. ವಾಚಕನು ಫೀಡ್ ರೀಡರ್ ಎಂಬ ತಂತ್ರಾಂಶಕ್ಕೆ ತನಗೆ ಬೇಕಾದ ತಾಣಗಳ ಫೀಡ್ ವಿಳಾಸಗಳನ್ನು ಕೊಟ್ಟರೆ, ಅದು ಹೊತ್ತುಹೊತ್ತಿಗೆ ಆ ಕಡತಗಳನ್ನು ನೋಡಿಬಂದು, ಗುರುತಿನ ಬಲದಿಂದ ಹಿಂದೆ ಕಂಡದ್ದನ್ನು ಬಿಟ್ಟು, ಹೊಸದನ್ನು ಮಾತ್ರ ಮುಂದಿಡುತ್ತದೆ. ತಾಣವು ವಾಚಕನನ್ನು ಅರಸಿಕೊಂಡು ಬರುವುದಿಲ್ಲ; ವಾಚಕನ ಯಂತ್ರವೇ ತಾಣದ ಬಾಗಿಲಿಗೆ ಹೋಗಿಬರುತ್ತದೆ. ಚಂದಾದಾರನ ಹೆಸರಾಗಲಿ ಊರಾಗಲಿ ತಾಣದವರಿಗೆ ತಿಳಿಯಬೇಕಾದುದಿಲ್ಲ. ಈ ಕೊನೆಯ ಅಂಶವನ್ನು ಹಲವರು ಗಮನಿಸುವುದಿಲ್ಲವಾದರೂ ಮುಂದಿನ ವಿಚಾರಕ್ಕೆ ಅದೇ ಮುಖ್ಯ.

1999ರ ಮಾರ್ಚ್ ತಿಂಗಳಲ್ಲಿ ನೆಟ್‌ಸ್ಕೇಪ್ ಸಂಸ್ಥೆಯು ಆರ್‌ಎಸ್‌ಎಸ್ ಎಂಬ ಹೆಸರಿನಿಂದ ಇದರ ಮೊದಲ ರೂಪವನ್ನು ಹೊರತಂದಿತು. 2000ದ ಡಿಸೆಂಬರಿನಲ್ಲಿ ಒಂದು ಕವಲು, 2002ರಲ್ಲಿ ಡೇವ್ ವೈನರ್ ಅವರ 2.0 ಎಂಬ ಮತ್ತೊಂದು ಕವಲು, 2005ರ ಡಿಸೆಂಬರಿನಲ್ಲಿ ಆಟಮ್ ಎಂಬ ಮೂರನೆಯದು, ಹೀಗೆ ರೂಪಭೇದಗಳುಂಟಾದುವು. ಪಾಠಾಂತರಗಳ ಜಗಳಕ್ಕೆ ಒಗ್ಗಿಹೋದ ನಮ್ಮ ವಿಭಾಗಗಳವರಿಗೆ ಈ ಕಲಹ ಹೊಸದೆನಿಸಲಾರದು. ಇಂದಿನ ರೀಡರುಗಳು ಎಲ್ಲ ರೂಪಗಳನ್ನೂ ಓದಬಲ್ಲುವಾದುದರಿಂದ ಅದನ್ನಿಲ್ಲಿ ಬೆಳೆಸಬೇಕಾದ ಅಗತ್ಯವಿಲ್ಲ.

ಚದರಿದ್ದನ್ನು ಒಂದೆಡೆ ಕೂಡಿಸುವ ಆಸೆ ಕನ್ನಡಕ್ಕೆ ಯಂತ್ರದಿಂದ ಬಂದದ್ದಲ್ಲ. 13ನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು 'ಸೂಕ್ತಿಸುಧಾರ್ಣವ'ವನ್ನು ಸಂಕಲಿಸಿದನು. ಈತನು 'ಶಬ್ದಮಣಿದರ್ಪಣ'ದ ಕರ್ತೃವಾದ ಕೇಶಿರಾಜನ ತಂದೆ ಎಂಬುದು ನಮ್ಮ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಸಂಗತಿ. ಅವನ ವಿಂಗಡಣೆ ವರ್ಣನೆಯ ವಿಷಯಗಳನ್ನು ಅನುಸರಿಸಿದ್ದೇ ಹೊರತು ಕವಿಗಳನ್ನು ಅನುಸರಿಸಿದ್ದಲ್ಲ. ಚಂದ್ರೋದಯದ ಪದ್ಯ ಬೇಕಾದವನಿಗೆ ಚಂದ್ರೋದಯವು ದೊರೆಯುತ್ತದೆ. ಆ ಪದ್ಯದ ಹಿಂದೆಮುಂದೆ ಕಥೆ ಏನಿತ್ತು ಎಂಬುದು ದೊರೆಯುವುದಿಲ್ಲ. ಮುಂದೆ ಅಭಿನವವಾದಿ ವಿದ್ಯಾನಂದನ 'ಕಾವ್ಯಸಾರ'ವೂ ಇದೇ ಜಾಡನ್ನು ಹಿಡಿಯಿತು. ಪತ್ರಿಕೆಗಳ ಕಾಲಕ್ಕೆ ಬಂದರೆ, 1956ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ 'ಕಸ್ತೂರಿ'ಯನ್ನು ನೆನೆಯಬೇಕು. ಎಲ್ಲೆಲ್ಲಿಯೋ ಪ್ರಕಟವಾದುದನ್ನು ಆರಿಸಿ, ಸಂಗ್ರಹಿಸಿ, ಕನ್ನಡದ ಹದಕ್ಕೆ ತಂದು ತಿಂಗಳಿಗೊಮ್ಮೆ ಮನೆಗೆ ಮುಟ್ಟಿಸುವುದು ಅದರ ಕೆಲಸವಾಗಿತ್ತು. ಆ ಆಯ್ಕೆಯ ಹಿಂದೆ ಪಾ.ವೆಂ. ಆಚಾರ್ಯರೆಂಬ ಒಬ್ಬ ವ್ಯಕ್ತಿಯ ಅಭಿರುಚಿಯೂ ಕುತೂಹಲವೂ ಇದ್ದುವು. ಓದುಗರು ಚಂದಾ ಕೊಟ್ಟದ್ದು ಬಹುಪಾಲು ಆ ಅಭಿರುಚಿಗೇ ಎಂದರೆ ತಪ್ಪಾಗದು.

ಇವೆರಡಕ್ಕಿಂತಲೂ ಫೀಡಿಗೆ ಹತ್ತಿರದ ನೆಂಟನೊಂದು ಕೋಲಾರದಲ್ಲಿಯೇ ಇದೆ. 1905ರಲ್ಲಿ ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ 10ನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ಹೊರತಂದರು. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಗುಡಿಯ ಗೋಡೆಯಲ್ಲಿ ಚದರಿಹೋಗಿದ್ದ ಬರಹಗಳನ್ನು ತಾಲ್ಲೂಕುವಾರು ಜೋಡಿಸಿ, ಕೋಲಾರ ಇಷ್ಟನೆಯದು, ಮಾಲೂರು ಇಷ್ಟನೆಯದು, ಮುಳಬಾಗಿಲು ಇಷ್ಟನೆಯದು, ಶ್ರೀನಿವಾಸಪುರ ಇಷ್ಟನೆಯದು ಎಂದು ಪ್ರತಿಯೊಂದಕ್ಕೂ ಒಂದು ಸಂಖ್ಯೆಯನ್ನು ಕೊಟ್ಟರು. ಶಾಸನದ ಕಲ್ಲು ಇದ್ದಲ್ಲಿಯೇ ಇರುತ್ತದೆ. ಅದರ ಪಾಠ, ಸ್ಥಳ, ಕಾಲ, ಸಂಖ್ಯೆಗಳು ಸಂಪುಟಕ್ಕೆ ಬರುತ್ತವೆ. ಫೀಡಿನ ಮಾದರಿಯೂ ಇದೇ. ಬರಹವು ತನ್ನ ತಾಣದಲ್ಲಿಯೇ ಉಳಿದು, ಅದರ ಗುರುತು, ಕಾಲ, ಕೊಂಡಿಗಳು ಮಾತ್ರ ಸಂಚರಿಸುತ್ತವೆ. ಇಲ್ಲಿ ರೈಸ್ ಅವರಂಥವರು ಒಬ್ಬರೂ ಇಲ್ಲ ಎಂಬುದೊಂದೇ ವ್ಯತ್ಯಾಸ, ಆದರೆ ಅದು ದೊಡ್ಡ ವ್ಯತ್ಯಾಸ. ಸಂಕಲನವುಂಟು, ಸಂಕಲನಕಾರನಿಲ್ಲ, ಅಥವಾ ಹೀಗೆ ಹೇಳೋಣ, ವಾಚಕನೇ ಸಂಕಲನಕಾರನ ಪೀಠದಲ್ಲಿ ಕುಳಿತಿದ್ದಾನೆ.

ಇದು ಲಾಭವೋ ನಷ್ಟವೋ ಎಂಬುದನ್ನು ತೂಗಿ ನೋಡಬೇಕು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು 1913ರಲ್ಲಿ 'ಕರ್ನಾಟಕ' ಪತ್ರಿಕೆಯನ್ನು ಆರಂಭಿಸಿದರು. ಮಾಲೂರು ಸೀಮೆಯ ಮಾಸ್ತಿಯವರು 'ಜೀವನ'ವನ್ನು ಎಷ್ಟೋ ವರ್ಷ ನಡೆಸಿದರು. ಈ ಇಬ್ಬರ ಪತ್ರಿಕೆಗಳಲ್ಲಿ ಬಾರದ ವಿಷಯಗಳು ಬಂದ ವಿಷಯಗಳಷ್ಟೇ ಅರ್ಥವತ್ತಾದುವು. ಸಂಪಾದಕನ 'ಬೇಡ' ಎಂಬ ಮಾತಿಗೆ ಒಂದು ಬೆಲೆಯಿತ್ತು. ಫೀಡ್ ರೀಡರು 'ಬೇಡ' ಎನ್ನಲಾರದು. ಒಂದು ತಾಣವನ್ನು ಒಪ್ಪಿಕೊಂಡ ಮೇಲೆ ಅದರ ಗಟ್ಟಿ ಲೇಖನವನ್ನೂ ಹಬ್ಬದ ಶುಭಾಶಯವನ್ನೂ ಒಂದೇ ಗಾತ್ರದ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿ ತಂದಿಡುತ್ತದೆ. ದಿನಪತ್ರಿಕೆಯಲ್ಲಿ ಸುದ್ದಿಯ ತೂಕವನ್ನು ಅದರ ಸ್ಥಾನವೇ ಹೇಳುತ್ತಿತ್ತು. ಇಲ್ಲಿ ಎಲ್ಲದಕ್ಕೂ ಒಂದೇ ಮಣೆ. ದಿನಕ್ಕೆ ನೂರಾರು ಸುದ್ದಿ ಹಾಕುವ ತಾಣವೊಂದನ್ನೂ ತಿಂಗಳಿಗೊಂದು ಬರೆಯುವ ಬ್ಲಾಗೊಂದನ್ನೂ ಒಟ್ಟಿಗೆ ಸೇರಿಸಿದರೆ ಎರಡನೆಯದು ಮೊದಲನೆಯದರ ಕೆಳಗೆ ಹೂತುಹೋಗುತ್ತದೆ. ಬೇರೆಬೇರೆ ಕೋಶಗಳಲ್ಲಿ ಇಡಬೇಕೆಂಬ ವಿವೇಕ ವಾಚಕನಿಗೆ ಬರುವ ಹೊತ್ತಿಗೆ ಓದದೆ ಉಳಿದ ಬರಹಗಳ ಸಂಖ್ಯೆ ಸಾವಿರವನ್ನು ದಾಟಿ, ಅವನು ರೀಡರನ್ನೇ ಕೈಬಿಟ್ಟಿರುತ್ತಾನೆ. ಇಂಥ ಉದಾಹರಣೆಗಳನ್ನು ಅಧ್ಯಾಪಕಮಿತ್ರರಲ್ಲಿ ನಾವು ಬೇಕಾದಷ್ಟು ಕಂಡಿದ್ದೇವೆ.

ಕನ್ನಡದ ಮಟ್ಟಿಗೆ ಇನ್ನೊಂದು ವಿಶೇಷ ತೊಡಕಿತ್ತು. ಯು.ಬಿ. ಪವನಜರ 'ವಿಶ್ವಕನ್ನಡ' 1996ರಲ್ಲಿಯೇ ಜಾಲಕ್ಕೆ ಬಂದಿತು. 1998ರಲ್ಲಿ 'ಬರಹ' ತಂತ್ರಾಂಶ ದೊರೆಯಿತು. ಆದರೆ ಆ ಕಾಲದ ಕನ್ನಡ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ಅಕ್ಷರಖಂಡಗಳ ಚಿತ್ರಗಳನ್ನು ಕೂರಿಸಲಾಗಿತ್ತು. ಪುಟದೊಡನೆ ಆ ಅಕ್ಷರಶೈಲಿ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಕಲಸುಮೇಲೋಗರ. ಫೀಡಿನ ತತ್ತ್ವವಾದರೋ ಬರಹವನ್ನು ಅದರ ಉಡುಪಿನಿಂದ ಬಿಡಿಸಿ ಸಾಗಿಸುವುದು. ಉಡುಪೇ ದೇಹವಾಗಿದ್ದ ಕನ್ನಡವನ್ನು ಹಾಗೆ ಬಿಡಿಸಿದರೆ ಉಳಿಯುವುದೇನು? ಆದುದರಿಂದ ಅಂಥ ತಾಣಗಳ ಬರಹ ರೀಡರಿನೊಳಗೆ ಓದಲಾಗದ ಗೊಜ್ಜಾಗಿ ಬರುತ್ತಿತ್ತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿದ್ದರೂ, ಸಾಮಾನ್ಯ ಗಣಕಗಳಲ್ಲಿ ಅದು ನೆಟ್ಟಗೆ ಮೂಡತೊಡಗಿದ್ದು 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ತರುವಾಯ. ಫೀಡ್ ಕನ್ನಡಿಗರಿಗೆ ನಿಜವಾಗಿ ಒದಗಿದ್ದು ಯೂನಿಕೋಡಿನ ಬೆನ್ನ ಹಿಂದೆ. ಅಕ್ಷರಸಂಕೇತದ ವಿಷಯವು ಎಂಜಿನಿಯರುಗಳಿಗೆ ಬಿಟ್ಟದ್ದು ಎಂದು ಭಾವಿಸುವ ಕನ್ನಡ ಅಧ್ಯಾಪಕರು ಇದನ್ನು ಗಮನಿಸತಕ್ಕದ್ದು.

ಆ ಬಳಿಕ ಬಂದ ಕೆಲವು ವರ್ಷಗಳು ಹುರುಪಿನ ವರ್ಷಗಳು. ಹರಿಪ್ರಸಾದ್ ನಾಡಿಗ್ ಅವರು 2005ರಲ್ಲಿ ಕಟ್ಟಿದ 'ಸಂಪದ', ಜಿ.ಎನ್. ಮೋಹನ್ ಅವರ 'ಅವಧಿ', ಅಬ್ದುಲ್ ರಶೀದ್ ಅವರ ಸಂಪಾದಕತ್ವದ 'ಕೆಂಡಸಂಪಿಗೆ', ಟಿ.ಜಿ. ಶ್ರೀನಿಧಿಯವರ 'ಇಜ್ಞಾನ', ಇವುಗಳಲ್ಲದೆ ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಸೇವೆಗಳಲ್ಲಿ ತೆರೆದ ಅಸಂಖ್ಯ ಒಬ್ಬೊಬ್ಬರ ಬ್ಲಾಗುಗಳು. ಈ ಎರಡು ಸೇವೆಗಳೂ ಬರೆಯುವವನು ಕೇಳಲಿ ಬಿಡಲಿ ಪ್ರತಿಯೊಂದು ಬ್ಲಾಗಿಗೂ ಫೀಡನ್ನು ತಾವಾಗಿಯೇ ಒದಗಿಸುತ್ತವೆ. ಅದರ ಫಲವಾಗಿ, ಫೀಡ್ ಎಂಬ ಹೆಸರನ್ನೇ ಕೇಳದವರ ಬರಹವೂ ಫೀಡಿನಲ್ಲಿ ಓದುವವರಿಗೆ ಲಭ್ಯವಾಯಿತು. 2005ರ ಅಕ್ಟೋಬರಿನಲ್ಲಿ ಆರಂಭವಾದ ಗೂಗಲ್ ರೀಡರ್ ಇವನ್ನೆಲ್ಲ ಒಂದು ಕಿಟಕಿಯಲ್ಲಿ ಕಾಣಿಸಿತು. ಬಳಕೆ ಇಳಿಮುಖವಾಗಿದೆಯೆಂಬ ಕಾರಣ ಹೇಳಿ 2013ರ ಜುಲೈ 1ರಂದು ಅದನ್ನು ಮುಚ್ಚಲಾಯಿತು. ಇದರಿಂದ ಫೀಡೇ ಸತ್ತಿತೆಂದು ಬಗೆದವರು ಬಹಳ. ಅದು ಸರಿಯಲ್ಲ. ಸತ್ತದ್ದು ಒಂದು ಓದುಮನೆ. ಫೀಡುಗಳು ಇದ್ದಲ್ಲಿಯೇ ಇದ್ದುವು, ಚಂದಾಪಟ್ಟಿಯನ್ನು ಓಪಿಎಂಎಲ್ ಎಂಬ ಕಡತವಾಗಿ ಹೊತ್ತುಕೊಂಡು ಫೀಡ್ಲಿ, ಇನೋರೀಡರ್ ಮೊದಲಾದ ಬೇರೆ ಮನೆಗಳಿಗೆ ಹೋಗಲು ಸಾಧ್ಯವಿತ್ತು, ಇಂದಿಗೂ ಇದೆ. ಆದರೆ ಅಷ್ಟರಲ್ಲಿ ಕನ್ನಡದ ಬರಹಗಾರರೂ ವಾಚಕರೂ ಹೆಚ್ಚುಕಡಮೆ ಒಟ್ಟಾಗಿಯೇ ಫೇಸ್‌ಬುಕ್ಕಿನ ಕಡೆಗೆ ವಲಸೆ ಹೊರಟಿದ್ದರು. ಈ ವಲಸೆಯಿಂದ ಆದ ನಷ್ಟವನ್ನು ನಾವು ಇನ್ನೂ ಲೆಕ್ಕ ಹಾಕಿಲ್ಲ.

ನಷ್ಟದ ಸ್ವರೂಪವನ್ನು ತಿಳಿಯಲು ಕೋಲಾರದ ನೀರಿನ ಪ್ರಕರಣಕ್ಕೆ ಬರೋಣ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಜಿಲ್ಲೆಗೆ, ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಕೊಳಚೆಯನ್ನು ಎರಡು ಹಂತ ಶುದ್ಧಿಮಾಡಿ ಸಾಗಿಸಿ, ನೂರಕ್ಕೂ ಮಿಕ್ಕ ಕೆರೆಗಳನ್ನು ತುಂಬಿಸಿ, ಅಂತರ್ಜಲವನ್ನು ಹೆಚ್ಚಿಸುವುದು ಕೆ.ಸಿ. ವ್ಯಾಲಿ ಯೋಜನೆಯ ಉದ್ದೇಶ. 2018ರ ಜೂನಿನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರದ ಕೆರೆಗೆ ಮೊದಲ ನೀರು ಬಂದಿತು. ಮರುತಿಂಗಳೇ ನೀರಿನಲ್ಲಿ ನೊರೆ ಕಂಡುಬಂದಿತು. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ನೀರು ಬಿಡಬಾರದೆಂಬ ವಾದ ಎದ್ದಿತು. ವಿಷಯ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ನೀರು ನರಸಾಪುರದ ಕೆರೆಗೆ ಇಳಿಯಿತು. ನೆರೆಯ ವೇಮಗಲ್ ಹೋಬಳಿಯ ಬೇಸಾಯಗಾರನಿಗೆ ಇದು ಕುತೂಹಲದ ಸುದ್ದಿಯಲ್ಲ, ಕೊಳವೆಬಾವಿಯ ಆಳದ ಪ್ರಶ್ನೆ, ಟೊಮ್ಯಾಟೋ ಬೆಳೆಗೆ ಬಿಡುವ ನೀರಿನ ಗುಣದ ಪ್ರಶ್ನೆ, ಮನೆಯ ಮಕ್ಕಳು ಕುಡಿಯುವ ನೀರಿನ ಪ್ರಶ್ನೆ.

ಈ ಪ್ರಶ್ನೆಗೆ ಸಂಬಂಧಪಟ್ಟ ಬರಹಗಳು ಎಲ್ಲೆಲ್ಲಿದ್ದುವು? ಕನ್ನಡ ದಿನಪತ್ರಿಕೆಗಳ ಕೋಲಾರ ಜಿಲ್ಲಾಪುಟದಲ್ಲಿ ಒಂದಷ್ಟು. ಆ ಪುಟವು ಬೆಂಗಳೂರು ನಗರದ ಆವೃತ್ತಿಯಲ್ಲಿರುವುದಿಲ್ಲವಾದುದರಿಂದ, ಊರುಬಿಟ್ಟು ನಗರದಲ್ಲಿ ದುಡಿಯುವ ವೇಮಗಲ್ಲಿನವನ ಕಣ್ಣಿಗೆ ಅದು ಬೀಳುವುದಿಲ್ಲ. ಇಂಗ್ಲಿಷ್ ಪತ್ರಿಕೆಗಳ ಬೆಂಗಳೂರು ಪುಟದಲ್ಲಿ ಒಂದಷ್ಟು. ಅದು ನಗರದ ಕೊಳಚೆ ವಿಲೇವಾರಿಯ ಸುದ್ದಿಯಾಗಿ ಬಂದಿತೇ ಹೊರತು ಕೋಲಾರದ ಕೆರೆಯ ಸುದ್ದಿಯಾಗಿ ಬಂದದ್ದು ಕಡಮೆ. ನ್ಯಾಯಾಲಯದ ಆದೇಶಗಳು ಇಂಗ್ಲಿಷಿನ ಪಿಡಿಎಫ್ ಕಡತಗಳಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರ ಅಧ್ಯಯನಗಳು ವಿದ್ವತ್ಪತ್ರಿಕೆಗಳಲ್ಲಿ. ನೀರಾವರಿ ಹೋರಾಟಗಾರರ ಮಾತು ಫೇಸ್‌ಬುಕ್ಕಿನಲ್ಲಿಯೂ ವಾಟ್ಸಾಪಿನಲ್ಲಿಯೂ. ಒಂದೇ ಕೆರೆಯನ್ನು ಕುರಿತ ಐದು ಪಾಠಗಳು ಒಂದನ್ನೊಂದು ಕಾಣದೆ ಬಾಳಿದುವು.

ಇವುಗಳಲ್ಲಿ ಮೊದಲೆರಡಕ್ಕೂ ವಿದ್ವತ್ಪತ್ರಿಕೆಗಳಿಗೂ ಫೀಡ್ ಇದ್ದ ಪಕ್ಷದಲ್ಲಿ ಅವನ್ನು ಒಂದೆಡೆ ತಂದು, ತಾರೀಖಿನ ಕ್ರಮದಲ್ಲಿ ಓದುವುದು ಸಾಧ್ಯ. ತಾರೀಖಿನ ಕ್ರಮ ಎಂಬ ಮಾತಿಗೆ ಒತ್ತು ಕೊಡುತ್ತೇವೆ. ಯಾವ ಹೇಳಿಕೆ ನೊರೆಗೆ ಮುಂಚಿನದು, ಯಾವುದು ತಡೆಯಾಜ್ಞೆಗೆ ಅನಂತರದ್ದು ಎಂಬುದು ತಿಳಿಯದೆ ಈ ಪ್ರಕರಣದಲ್ಲಿ ಯಾರ ಮಾತನ್ನೂ ತೂಗಲಾಗದು. ಸಾಮಾಜಿಕ ಜಾಲಗಳ ಸಾಲು ಈ ಕ್ರಮವನ್ನು ಪಾಲಿಸುವುದಿಲ್ಲ. ಯಾವುದಕ್ಕೆ ಹೆಚ್ಚು ಜನ ಪ್ರತಿಕ್ರಿಯಿಸಿದರೋ ಅದು ಮೇಲಕ್ಕೇರುತ್ತದೆ. 2018ರ ನೊರೆಯ ಚಿತ್ರವು ವರ್ಷಗಳಾದ ಮೇಲೆ ನಿನ್ನೆಯದೆಂಬಂತೆ ಮರಳಿ ಬರುತ್ತದೆ. ಅಲ್ಲಿಯೂ ಒಬ್ಬ ಸಂಕಲನಕಾರನಿದ್ದಾನೆ, ಆದರೆ ಅವನ ಹೆಸರು ಮುಖಪುಟದಲ್ಲಿಲ್ಲ, ಅವನ ಅಭಿರುಚಿ ಏನೆಂಬುದನ್ನು ಕೇಳುವಂತೆಯೂ ಇಲ್ಲ. ಪಾ.ವೆಂ. ಅವರನ್ನು ಒಪ್ಪದವರು ಕಾಗದ ಬರೆದು ಜಗಳವಾಡಬಹುದಿತ್ತು. ಸಂಪಾದಕನಿಲ್ಲದ ಫೀಡು ಒಳ್ಳೆಯ ಸಂಪಾದಕನಿಗೆ ಸಮನಲ್ಲ; ಆದರೆ ಅಡಗಿ ಕುಳಿತ ಸಂಪಾದಕನಿಗಿಂತ ಅದು ಮೇಲು ಎಂಬುದು ನಮ್ಮ ಅಭಿಪ್ರಾಯ.

ದೂರದ ಕಣ್ಣಿಗೂ ಹತ್ತಿರದ ಕಣ್ಣಿಗೂ ಇರುವ ಭೇದವನ್ನು ಇನ್ನೊಂದು ಸಂಗತಿ ತೋರಿಸುತ್ತದೆ. 2020ರ ಡಿಸೆಂಬರ್ 12ರಂದು ನರಸಾಪುರದ ಕೈಗಾರಿಕಾ ಪ್ರದೇಶದ ಮೊಬೈಲ್ ಫೋನ್ ಕಾರ್ಖಾನೆಯೊಂದರಲ್ಲಿ ಸಂಬಳದ ತಕರಾರಿನಿಂದ ಗಲಭೆಯಾಯಿತು. ಹೊರದೇಶಗಳ ಸುದ್ದಿತಾಣಗಳು ಅದನ್ನು ಬರೆದದ್ದು ಫೋನಿನ ಸರಬರಾಜಿನ ದೃಷ್ಟಿಯಿಂದ. ಕನ್ನಡದ ಜಿಲ್ಲಾಪುಟಗಳು ಬರೆದದ್ದು ಬಂಧನ ಮತ್ತು ಬಾಕಿ ಸಂಬಳದ ದೃಷ್ಟಿಯಿಂದ. ಎರಡನ್ನೂ ಒಂದರ ಕೆಳಗೊಂದಾಗಿ ಇಟ್ಟು ಓದಿಸಿದರೆ, ವರದಿಯ ದೃಷ್ಟಿಕೋನವೆಂದರೇನು ಎಂಬುದನ್ನು ಪತ್ರಿಕೋದ್ಯಮದ ತರಗತಿಯಲ್ಲಿ ಬೇರೆ ಹೇಳಿಕೊಡಬೇಕಾಗಿಯೇ ಇಲ್ಲ. ಕನ್ನಡವನ್ನೂ ತೆಲುಗನ್ನೂ ಬಲ್ಲ ಮುಳಬಾಗಿಲು, ಶ್ರೀನಿವಾಸಪುರಗಳ ವಿದ್ಯಾರ್ಥಿಗಳಿಗಂತೂ ಎಲ್ಲೆಯ ಆಚೆಯ ಮದನಪಲ್ಲಿ, ಕುಪ್ಪಂ ಕಡೆಯ ತೆಲುಗು ಸುದ್ದಿಯನ್ನು ಇದೇ ಸಾಲಿನಲ್ಲಿ ಸೇರಿಸಿಕೊಳ್ಳುವ ಅನುಕೂಲವುಂಟು. ನಮ್ಮ ಪತ್ರಿಕೆಗಳ ಆವೃತ್ತಿಗಳು ಜಿಲ್ಲೆಯ ಗಡಿಯಲ್ಲಿ ನಿಂತುಬಿಡುತ್ತವೆ, ಮಾವಿನ ಧಾರಣೆ ನಿಲ್ಲುವುದಿಲ್ಲ.

ಊರಿನ ಹೆಸರನ್ನೇ ಹಿಡಿದು ಸುದ್ದಿ ಸೋಸುವ ವಿಧಾನವೂ ಒಂದಿದೆ. ಗೂಗಲ್ ಅಲರ್ಟ್ಸ್ ಸೇವೆಗೆ 'ವೇಮಗಲ್' ಎಂಬ ಪದವನ್ನು ಕೊಟ್ಟು ಫಲಿತಾಂಶವನ್ನು ಫೀಡಾಗಿ ಪಡೆಯಬಹುದು. ಕೆಲವು ರೀಡರುಗಳು ತಮ್ಮೊಳಗೇ ಇಂಥ ಸೋಸಣೆಯನ್ನು ಮಾಡುತ್ತವೆ. ಇಲ್ಲಿ ಕನ್ನಡದ ವಿಭಕ್ತಿಪ್ರತ್ಯಯಗಳು ಅಡ್ಡ ಬರುತ್ತವೆ. ಒಬ್ಬ ವರದಿಗಾರ 'ವೇಮಗಲ್ಲಿನಲ್ಲಿ' ಎನ್ನುತ್ತಾನೆ, ಇನ್ನೊಬ್ಬ 'ವೇಮಗಲ್‌ನಲ್ಲಿ' ಎಂದು ಲಕಾರಕ್ಕೂ ನಕಾರಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತಾನೆ, ಮತ್ತೊಬ್ಬ ಮೊದಲಕ್ಷರವನ್ನು ಹ್ರಸ್ವಮಾಡಿ 'ವೆಮಗಲ್' ಎಂದು ಬರೆಯುತ್ತಾನೆ. ಇಡೀ ಪದವನ್ನೇ ಹ�ೋಲಿಸುವ ಯಂತ್ರಕ್ಕೆ ಇವೆಲ್ಲ ಬೇರೆಬೇರೆ ಊರುಗಳು. ಪದದ ಮೊದಲ ಭಾಗವನ್ನು ಮಾತ್ರ ಹೋಲಿಸುವಂತೆ ಹೇಳಿದರೆ ಮೊದಲೆರಡು ಸಿಕ್ಕುತ್ತವೆ, ಹ್ರಸ್ವರೂಪಕ್ಕೆ ಬೇರೆ ಸೋಸಣೆಯೇ ಬೇಕು. ಕಾಗುಣಿತದ ಏಕರೂಪತೆಯನ್ನು ಕುರಿತು ನಾವು ಮಾಡುವ ಉಪದೇಶಗಳಿಗೆ ವಿದ್ಯಾರ್ಥಿಗಳು ಕಿವಿಗೊಡುವುದಿಲ್ಲವಷ್ಟೆ. ಈ ಪ್ರಯೋಗವನ್ನು ಮಾಡಿಸಿದರೆ ಪ್ರಾಯಶಃ ಕಿವಿಗೊಟ್ಟಾರು.

ಫೀಡಿನ ವಿರುದ್ಧ ಹೇಳಬೇಕಾದ ಇನ್ನೊಂದು ಮಾತು ಉಳಿದಿದೆ. ತಾನು ಆರಿಸಿದ್ದನ್ನೇ ಓದುವವನು ತನಗೆ ಗೊತ್ತಿಲ್ಲದುದನ್ನು ಎಂದು ಓದುತ್ತಾನೆ? ವಾಚನಾಲಯದ ಮೇಜಿನ ಮೇಲೆ ಬೇಡದ ಪತ್ರಿಕೆಯೂ ಇರುತ್ತಿತ್ತು, ಬೇಕಾದದ್ದು ಇನ್ನೊಬ್ಬರ ಕೈಯಲ್ಲಿದ್ದಾಗ ಬೇಡದ್ದನ್ನು ಓದುತ್ತಿದ್ದೆವು. ಈ ಆಕ್ಷೇಪಕ್ಕೆ ನಮ್ಮಲ್ಲಿ ಪೂರ್ಣವಾದ ಸಮಾಧಾನವಿಲ್ಲ. ಚಂದಾಪಟ್ಟಿಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವುದು ಒಂದು ಮಟ್ಟಿನ ಪರಿಹಾರ. ಆದುದರಿಂದ ಕೋಲಾರ ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳವರು ಕೂಡಿ ಒಂದು ಪಟ್ಟಿಯನ್ನು ಸಿದ್ಧಪಡಿಸಬಹುದು. ರೈಸ್ ಅವರ ಸಂಪುಟದ ಹಾದಿಯಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ತಾಲ್ಲೂಕುವಾರು ಕೋಶಗಳನ್ನು ಮಾಡಿ, ಆಯಾ ಸೀಮೆಯನ್ನು ಕುರಿತು ಬರೆಯುವ ಬ್ಲಾಗುಗಳನ್ನೂ ಸುದ್ದಿಪುಟಗಳನ್ನೂ ಸೇರಿಸಬೇಕು. ಕನ್ನಡ ವಿಕಿಪೀಡಿಯದಲ್ಲಿ ಪ್ರತಿಯೊಂದು ಪುಟದ ಇತಿಹಾಸಕ್ಕೂ ಒಂದು ಆಟಮ್ ಫೀಡ್ ಇರುವುದರಿಂದ, ಆಯಾ ಊರಿನ ಲೇಖನದಲ್ಲಿ ಯಾರು ಯಾವಾಗ ಏನನ್ನು ತಿದ್ದಿದರೆಂಬುದೂ ಪಟ್ಟಿಗೆ ಬರುತ್ತದೆ. ನಿಂತುಹೋದ ಬ್ಲಾಗುಗಳನ್ನು ತೆಗೆದುಹಾಕದೆ ಬೇರೆ ಕೋಶದಲ್ಲಿ ಇಡತಕ್ಕದ್ದು, ಎಷ್ಟೋ ವರ್ಷ ಸುಮ್ಮನಿದ್ದವರು ಒಮ್ಮೊಮ್ಮೆ ಮತ್ತೆ ಬರೆಯುವುದುಂಟು. ಇಡೀ ಪಟ್ಟಿ ಒಂದು ಚಿಕ್ಕ ಕಡತ. ಮಿಂಚಂಚೆಯಲ್ಲಿ ಕಳುಹಿಸಿದರೆ ವೇಮಗಲ್ಲಿನ ವಿದ್ಯಾರ್ಥಿಯೊಬ್ಬನು ಅದನ್ನು ತನ್ನ ರೀಡರಿಗೆ ಸೇರಿಸಿಕೊಂಡು, ತನಗೆ ಬೇಡವಾದುದನ್ನು ಕಿತ್ತು, ನಮಗೆ ತಿಳಿಯದ ಎರಡನ್ನು ಸೇರಿಸಿ ಹಿಂದಕ್ಕೆ ಕಳುಹಿಸಬಹುದು.